ಕಡಲಿನ ಬಿಸಿಯೂ ನಮ್ಮ ಹೊಲದ ಹಸಿಯೂ

ಪ್ರತಿ ವರುಷ ಚೈತ್ರ ವೈಶಾಖಗಳು ಬಂದುವೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಭೂಮಿಯ ಆಚೆ ಮಗ್ಗುಲಲ್ಲಿರುವ ಪೆಸಿಫಿಕ್ ಮಹಾಸಾಗರದ ನೀರು ಬೆಚ್ಚಗಾಗಿದೆಯಂತೆ, ಇಲ್ಲವೆ ತಣ್ಣಗಾಗಿದೆಯಂತೆ. ಆದುದರಿಂದ ಈ ಸಲದ ಮಳೆಗಾಲ ಹೀಗಾದೀತು, ಹಾಗಾದೀತು ಎಂಬುದೇ ಆ ಸುದ್ದಿ. ಅದು ಹಳ್ಳಿಯ ಕಟ್ಟೆಗೆ ತಲುಪಿದೊಡನೆ ಜನರಲ್ಲಿ ಎರಡು ಪಂಗಡಗಳಾಗುತ್ತವೆ. "ಎಲ್ ನಿನೊ ಬಂತು, ಇನ್ನು ಬರಗಾಲವೇ ಸರಿ" ಎಂದು ಎದೆಗುಂದಿ, ಕೂಡಿಟ್ಟ ಬೀಜವನ್ನೂ ಉಳುವ ಎತ್ತನ್ನೂ ಸಂತೆಗೆ ಹೊಡೆಯುವವರು ಒಂದು ಪಂಗಡ. "ಎಲ್ಲಿಯ ಕಡಲು, ಎಲ್ಲಿಯ ನಮ್ಮ ಹೊಲ! ಕೊಡುವವನು ಮೇಲಿದ್ದಾನೆ" ಎಂದು ಸುದ್ದಿಯನ್ನೇ ತಳ್ಳಿಹಾಕುವವರು ಇನ್ನೊಂದು ಪಂಗಡ.

ಇಬ್ಬರದೂ ಅರ್ಧ ತಿಳಿವಳಿಕೆಯೆಂಬುದು ನಮ್ಮ ಅಭಿಪ್ರಾಯ. ಕಡಲಿನ ಬಿಸಿಗೂ ನಮ್ಮ ಮಳೆಗೂ ಸಂಬಂಧವಿರುವುದು ನಿಜ. ಆದರೆ ಆ ಸಂಬಂಧ ಎಲ್ಲ ಸೀಮೆಗೂ ಒಂದೇ ತೆರನಾದುದಲ್ಲ. ಮುಂಗಾರನ್ನು ಕುಗ್ಗಿಸುವ ಕಡಲೇ ಎಷ್ಟೋ ಸಲ ಹಿಂಗಾರನ್ನು ಹಿಗ್ಗಿಸುತ್ತದೆ. ಸೊಲ್ಲಾಪುರದ ಎರೆಭೂಮಿಗೆ ಕೆಟ್ಟದಾದ ಸುದ್ದಿ ತಾಳವಾಡಿಯ ಗುಡ್ಡಕ್ಕೆ ಅಷ್ಟೇ ಕೆಟ್ಟದಾಗಿರಬೇಕೆಂದಿಲ್ಲ. ತನ್ನ ಹೊಲವನ್ನು ನಡೆಸುವ ಮಳೆ ಯಾವುದೆಂದು ಎಣಿಸದೆ ಕಡಲಿನ ಸುದ್ದಿ ಕೇಳಿದವನಿಗೆ ಅದರಿಂದ ಲಾಭವಿಲ್ಲ. ಕೆಲವು ಸಲ ನಷ್ಟವೇ ಉಂಟು. ಹಾಗೆಯೇ, ಆ ಸುದ್ದಿಯನ್ನು ಊರಿನ ಲೆಕ್ಕಕ್ಕೆ ಇಳಿಸಿ, ಓದಬಲ್ಲ ಭಾಷೆಯಲ್ಲಿ, ಬಿತ್ತುವ ಮೊದಲೇ ಮುಟ್ಟಿಸದ ಮುನ್ಸೂಚನೆ ಅರ್ಧಕ್ಕೆ ನಿಲ್ಲಿಸಿದ ಕೆಲಸವೇ ಸರಿ.

ಕಡಲು ಮಳೆಯನ್ನು ಕಟ್ಟುವ ಬಗೆ

ಒಲೆಯ ಮೇಲಿನ ಹಂಡೆ ಕಾದಂತೆಲ್ಲ ಹಬೆ ಹೆಚ್ಚುವುದನ್ನು ನಾವು ದಿನವೂ ಕಾಣುತ್ತೇವೆ. ಕಡಲೂ ಹಾಗೆಯೇ. ನೀರು ಬೆಚ್ಚಗಿರುವ ಕಡೆ ಅದರ ಮೇಲಿನ ಗಾಳಿಯೂ ಬೆಚ್ಚಗಾಗಿ, ಹಬೆಯನ್ನು ಹೊತ್ತು, ಹಗುರವಾಗಿ ಮೇಲಕ್ಕೇಳುತ್ತದೆ. ಮೇಲೆ ಹೋದಂತೆ ತಣಿದು ಹಬೆಯು ಮೋಡವಾಗುತ್ತದೆ, ಮಳೆ ಸುರಿಯುತ್ತದೆ. ಆದರೆ ಮೇಲೆದ್ದ ಗಾಳಿ ಅಲ್ಲಿಯೇ ನಿಲ್ಲಲಾರದು. ಬಹುದೂರ ಸರಿದು ಇನ್ನೆಲ್ಲಿಯಾದರೂ ಕೆಳಕ್ಕಿಳಿಯಬೇಕು. ಇಳಿಯುವ ಗಾಳಿ ಮೋಡ ಕಟ್ಟಗೊಡುವುದಿಲ್ಲ. ರಾಟೆಯ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದ ಬಾವಿಯನ್ನು ನೆನೆಯಿರಿ. ಒಂದು ಕೊಡ ಮೇಲೆ ಬರುವಾಗ ಇನ್ನೊಂದು ಇಳಿಯಲೇಬೇಕಷ್ಟೆ. ಎಲ್ಲಿ ಗಾಳಿ ಏರುತ್ತದೆಯೋ ಅಲ್ಲಿ ಮಳೆ, ಎಲ್ಲಿ ಇಳಿಯುತ್ತದೆಯೋ ಅಲ್ಲಿ ಒಣಗು.

ಪೆಸಿಫಿಕ್ ಸಾಗರದಲ್ಲಿ ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ ಗಾಳಿ ಬೀಸುತ್ತಿರುತ್ತದೆ. ಅದು ಬೆಚ್ಚನೆಯ ಮೇಲುನೀರನ್ನು ಇಂಡೊನೇಷ್ಯದ ಕಡೆಗೆ ತಳ್ಳಿ ಅಲ್ಲಿ ಕೂಡಿಹಾಕುತ್ತದೆ. ಇತ್ತ ದಕ್ಷಿಣ ಅಮೆರಿಕದ ಪೆರು ದೇಶದ ತೀರದಲ್ಲಿ ಕಡಲಿನ ಅಡಿಯಿಂದ ತಣ್ಣೀರು ಮೇಲೆ ಬರುತ್ತದೆ. ಅದರೊಡನೆ ಮೀನಿನ ಮೇವೂ ಬರುತ್ತದೆ. ಆದರೆ ಎರಡರಿಂದ ಏಳು ವರುಷಗಳಿಗೊಮ್ಮೆ ಆ ಮೂಡಗಾಳಿ ಸೋಲುತ್ತದೆ. ಆಗ ಬೆಚ್ಚನೆಯ ನೀರು ನಡುಸಾಗರಕ್ಕೂ ಮೂಡಣ ತೀರಕ್ಕೂ ಹಿಂದಿರುಗುತ್ತದೆ. ಪೆರುವಿನ ಬೆಸ್ತರು ಕ್ರಿಸ್ಮಸ್ ಹಬ್ಬದ ಸುಮಾರಿಗೆ ಬರುತ್ತಿದ್ದ ಈ ಬಿಸಿನೀರಿನ ಹೊನಲಿಗೆ ಬಾಲಯೇಸುವಿನ ನೆನಪಿನಲ್ಲಿ 'ಎಲ್ ನಿನೊ', ಎಂದರೆ ಗಂಡುಮಗು, ಎಂದು ಹೆಸರಿಟ್ಟರು. ಇದಕ್ಕೆ ವಿರುದ್ಧವಾಗಿ ಮೂಡಗಾಳಿ ಬಲವಾಗಿ ನಡುಸಾಗರ ತಣ್ಣಗಾದರೆ ಅದಕ್ಕೆ 'ಲಾ ನಿನಾ', ಹೆಣ್ಣುಮಗು, ಎನ್ನುತ್ತಾರೆ. ನಡುಸಾಗರದ ಉಷ್ಣತೆ ವಾಡಿಕೆಗಿಂತ ಅರ್ಧ ಡಿಗ್ರಿ ಸೆಂಟಿಗ್ರೇಡ್ ಏರಿ ಹಲವು ತಿಂಗಳು ಹಾಗೆಯೇ ನಿಂತರೆ ಅದು ಎಲ್ ನಿನೊ. ಅರ್ಧ ಡಿಗ್ರಿಯೆಂದರೆ ಕೈಯಿಟ್ಟವನಿಗೆ ತಿಳಿಯದಷ್ಟು ಅಲ್ಪ. ಆದರೆ ಅಷ್ಟು ದೊಡ್ಡ ಹಂಡೆಯಲ್ಲಿ ಅರ್ಧ ಡಿಗ್ರಿಯೂ ಅಲ್ಪವಲ್ಲ.

ಬೆಚ್ಚನೆಯ ನೀರು ಜಾಗ ಬಿಟ್ಟು ಸರಿದಾಗ ಗಾಳಿ ಏರುವ ಜಾಗವೂ ಸರಿಯುತ್ತದೆ. ಏರುವ ಕೊಡ ನಡುಪೆಸಿಫಿಕ್ಕಿಗೆ ಹೋದರೆ ಇಳಿಯುವ ಕೊಡ ಇಂಡೊನೇಷ್ಯದ ಕಡೆಗೂ ನಮ್ಮ ಕಡೆಗೂ ಬರುತ್ತದೆ. ನೈಋತ್ಯದಿಂದ ಬರುವ ಮುಂಗಾರು ಗಾಳಿಯ ಬಲ ಕುಗ್ಗುತ್ತದೆ. ಇದೇ ಕಡಲಿಗೂ ನಮ್ಮ ಹೊಲಕ್ಕೂ ಇರುವ ನಂಟು.

ಬರಗಾಲ ಕಲಿಸಿದ ವಿದ್ಯೆ

ಈ ವಿದ್ಯೆ ಹುಟ್ಟಿದ್ದು ನಮ್ಮ ನಾಡಿನ ಸಂಕಟದಿಂದಲೇ ಎಂಬುದನ್ನು ಮರೆಯಕೂಡದು. ೧೮೭೬ರಿಂದ ೭೮ರವರೆಗೆ ಬಿದ್ದ ಬರವನ್ನು ನಮ್ಮ ಹಿರಿಯರು 'ಧಾತು ಈಶ್ವರ ಬರ'ವೆಂದು ಕರೆದರು. ತಮಿಳರೂ ತೆಲುಗರೂ ಅದನ್ನು ಅದೇ ಧಾತು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಾರೆ. ಸಂಸ್ಥಾನ, ಪ್ರಾಂತಗಳ ಗಡಿಗಳು ಆ ಬರಕ್ಕೆ ಅಡ್ಡಬರಲಿಲ್ಲ. ಆ ನಡುವೆ ೧೮೭೭ರಲ್ಲಿ ಪೆಸಿಫಿಕ್ ಸಾಗರ ವಿಪರೀತವಾಗಿ ಕಾದಿತ್ತೆಂದು ಹಳೆಯ ದಾಖಲೆಗಳಿಂದ ಈಗ ತಿಳಿದುಬಂದಿದೆ. ಅಂದು ಅದು ಯಾರ ಗಮನಕ್ಕೂ ಬಂದಿರಲಿಲ್ಲ. ೧೮೭೫ರಲ್ಲಿ ಸ್ಥಾಪನೆಯಾಗಿದ್ದ ಭಾರತದ ಹವಾಮಾನ ಇಲಾಖೆಗೆ, ಮಳೆಗಾಲ ಹೇಗಾದೀತೆಂದು ಮೊದಲೇ ಹೇಳುವ ಹೊಣೆ ಈ ಬರದ ತರುವಾಯ ಬಿತ್ತು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಹಿಮಾಲಯದ ಹಿಮವನ್ನು ನೋಡಿ ಮಳೆಯನ್ನು ಊಹಿಸಲು ಹೊರಟರು.

೧೯೦೪ರಿಂದ ೧೯೨೪ರವರೆಗೆ ಆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಅವರು ಲೋಕದ ನಾನಾ ಊರುಗಳ ಗಾಳಿಯ ಒತ್ತಡ, ಮಳೆ, ಉಷ್ಣತೆಗಳ ಲೆಕ್ಕ ತರಿಸಿ ಒಂದಕ್ಕೊಂದು ತಾಳೆ ನೋಡಿಸಿದರು. ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬುದನ್ನು ಅವರು ಕಂಡುಕೊಂಡರು. ನಮ್ಮ ಏತದ ಮರದಂತೆ, ಒಂದು ತುದಿ ತಗ್ಗಿದರೆ ಇನ್ನೊಂದು ತುದಿ ಏಳುತ್ತದೆ. ಇದಕ್ಕೆ ಅವರು ದಕ್ಷಿಣದ ತೂಗಾಟ ಎಂಬರ್ಥದ ಹೆಸರಿಟ್ಟರು. ಈ ತೂಗಾಟವೂ ಪೆರುವಿನ ಬೆಸ್ತರ ಎಲ್ ನಿನೊವೂ ಒಂದೇ ಯಂತ್ರದ ಎರಡು ಗಾಲಿಗಳೆಂದು ೧೯೬೯ರಲ್ಲಿ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಈಗಂತೂ ಕಡಲಿನಲ್ಲಿ ಲಂಗರು ಹಾಕಿದ ತೇಲುಬುರುಡೆಗಳು, ಆಳಕ್ಕೆ ಮುಳುಗಿ ಏಳುವ ಸಾವಿರಾರು ಉಪಕರಣಗಳು, ಆಕಾಶದ ಉಪಗ್ರಹಗಳು ಹಗಲಿರುಳು ನೀರಿನ ಬಿಸಿಯನ್ನು ಅಳೆಯುತ್ತಿವೆ.

ಸೂಚನೆಯೇ ಹೊರತು ತೀರ್ಪಲ್ಲ

ಹಾಗಾದರೆ ಎಲ್ ನಿನೊ ಬಂದ ವರುಷವೆಲ್ಲ ಬರವೇ? ಅಲ್ಲ. ಲೆಕ್ಕವನ್ನು ನೋಡೋಣ. ಇಡೀ ದೇಶದ ಜೂನ್‌ನಿಂದ ಸೆಪ್ಟೆಂಬರವರೆಗಿನ ಮಳೆಯ ಸರಾಸರಿ ೮೭ ಸೆಂಟಿಮೀಟರು. ಎಲ್ ನಿನೊ ಇದ್ದ ೨೦೦೨ರಲ್ಲಿ ಇದಕ್ಕಿಂತ ನೂರಕ್ಕೆ ೧೯ ಪಾಲು, ೨೦೦೯ರಲ್ಲಿ ೨೨ ಪಾಲು, ೨೦೧೫ರಲ್ಲಿ ೧೪ ಪಾಲು ಕಡಿಮೆ ಮಳೆಯಾಯಿತು. ೨೦೨೩ರ ಆಗಸ್ಟ್ ತಿಂಗಳು ೧೯೦೧ರಿಂದೀಚೆಗಿನ ಆಗಸ್ಟ್‌ಗಳಲ್ಲೆಲ್ಲ ಒಣಗಿದ ತಿಂಗಳಾಯಿತು. ಆಶ್ಲೇಷ, ಮಘೆ ಎರಡೂ ಕೈಕೊಟ್ಟುವು. ಆದರೆ ೧೯೯೭ರಲ್ಲಿ, ಆ ಶತಮಾನದ ಬಲು ದೊಡ್ಡ ಎಲ್ ನಿನೊಗಳಲ್ಲಿ ಒಂದು ಎದ್ದಿದ್ದಾಗ, ದೇಶದ ಮಳೆ ಸರಾಸರಿಗಿಂತ ನೂರಕ್ಕೆ ೨ ಪಾಲು ಹೆಚ್ಚೇ ಆಯಿತು. ೧೯೫೧ರಿಂದ ೨೦೨೨ರವರೆಗಿನ ಎಲ್ ನಿನೊ ವರುಷಗಳಲ್ಲಿ ನೂರಕ್ಕೆ ಸುಮಾರು ೪೦ರಲ್ಲಿ ಮಳೆ ವಾಡಿಕೆಯಷ್ಟೋ ಅದಕ್ಕಿಂತ ಹೆಚ್ಚೋ ಆಗಿತ್ತೆಂದು ಹವಾಮಾನ ಇಲಾಖೆಯೇ ಹೇಳಿದೆ.

ಇದಕ್ಕೆ ಒಂದು ಕಾರಣ ನಮ್ಮ ಮನೆಯ ಹತ್ತಿರದ ಕಡಲು. ಹಿಂದೂ ಮಹಾಸಾಗರದಲ್ಲಿಯೂ ಪೆಸಿಫಿಕ್ಕಿನಂಥದೇ ಒಂದು ಏರುಪೇರುಂಟೆಂದು ೧೯೯೯ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಫ್ರಿಕದ ಕಡೆಯ ನೀರು ಬೆಚ್ಚಗಾಗಿ ಸುಮಾತ್ರದ ಕಡೆಯ ನೀರು ತಣ್ಣಗಾದರೆ ಸಾಮಾನ್ಯವಾಗಿ ನಮ್ಮ ಮುಂಗಾರಿಗೆ ಅನುಕೂಲ. ಅದು ತಿರುಗುಮುರುಗಾದರೆ ಅನನುಕೂಲ. ೧೯೯೭ರಲ್ಲಿ ಪೆಸಿಫಿಕ್ ಕೆಳಕ್ಕೆ ಎಳೆದಾಗ ಹಿಂದೂ ಮಹಾಸಾಗರ ಮೇಲಕ್ಕೆ ಎತ್ತಿತು. ೨೦೧೯ರಲ್ಲಿ ಈ ಅನುಕೂಲದ ಬಿಸಿ ಬಲವಾಗಿದ್ದಾಗ ದೇಶದ ಮಳೆ ಸರಾಸರಿಗಿಂತ ನೂರಕ್ಕೆ ೧೦ ಪಾಲು ಹೆಚ್ಚಾಯಿತು. ಎತ್ತು ಎರಡಿದ್ದಾಗ ಗಾಡಿ ಎತ್ತ ಹೋದೀತೆಂದು ಒಂದೇ ಎತ್ತನ್ನು ನೋಡಿ ಹೇಳಲಾಗದು.

ಆದುದರಿಂದ ಕಡಲಿನ ಸುದ್ದಿಯನ್ನು ತಕ್ಕಡಿಗೆ ಹಾಕಿದ ಒಂದು ತೂಕದ ಕಲ್ಲೆಂದು ತಿಳಿಯತಕ್ಕದ್ದು. ತಕ್ಕಡಿ ಒಂದು ಕಡೆಗೆ ವಾಲುತ್ತದೆ; ಆದರೆ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂದು ನೋಡದೆ ತೀರ್ಪು ಹೇಳಬಾರದು.

ನಮಗಿರುವುದು ಒಂದು ಮಳೆಗಾಲವಲ್ಲ

ಇನ್ನು ನಮ್ಮ ವಿಷಯಕ್ಕೆ ಬರೋಣ. ಈ ಪುಟದ ಓದುಗರು ಮಾತಿನಲ್ಲಿ ಒಂದಾದರೂ ಮಳೆಯಲ್ಲಿ ಒಂದಲ್ಲ. ಹವಾಮಾನ ಇಲಾಖೆ ಭಾರತವನ್ನು ೩೬ ಉಪವಿಭಾಗಗಳಾಗಿ ಮಾಡಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಇವು ಮಧ್ಯ ಮಹಾರಾಷ್ಟ್ರ ಉಪವಿಭಾಗಕ್ಕೆ ಸೇರಿವೆ. ಆದವಾನಿ, ರಾಯದುರ್ಗ, ಮಡಕಶಿರಾ ರಾಯಲಸೀಮೆಗೆ, ಹೊಸೂರು, ತಾಳವಾಡಿ, ನೀಲಗಿರಿ ತಮಿಳುನಾಡಿಗೆ, ಕಾಸರಗೋಡು, ವಯನಾಡು ಕೇರಳಕ್ಕೆ, ನಾರಾಯಣಪೇಟೆಯ ಕಡೆ ತೆಲಂಗಾಣಕ್ಕೆ, ಗೋವೆಯವರು ಕೊಂಕಣಕ್ಕೆ. ಆರು ಉಪವಿಭಾಗಗಳಾದುವು. ಇಷ್ಟೇ ಅಲ್ಲ, ದೊಡ್ಡ ಲೆಕ್ಕದಲ್ಲಿ ಸೊಲ್ಲಾಪುರದವನು 'ಮಧ್ಯ ಭಾರತ'ದವನು, ರಾಯದುರ್ಗದವನು 'ದಕ್ಷಿಣ ಪರ್ಯಾಯದ್ವೀಪ'ದವನು. ಬಾನುಲಿಯಲ್ಲಿ 'ದಕ್ಷಿಣದಲ್ಲಿ ಒಳ್ಳೆಯ ಮಳೆ' ಎಂದು ಕೇಳಿ ಜತ್ತದ ರೈತ ಸಂತೋಷಪಟ್ಟರೆ ಅದು ಅವನ ಪಾಲಿನ ಸಂತೋಷವಲ್ಲ.

ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ಅಕ್ಟೋಬರಿನಿಂದ ಡಿಸೆಂಬರವರೆಗೆ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಈಶಾನ್ಯ ಮಳೆ ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ, ದಕ್ಷಿಣ ಒಳನಾಡು ಕರ್ನಾಟಕ ಈ ಐದು ಉಪವಿಭಾಗಗಳದು. ಎಲ್ ನಿನೊ ವರುಷಗಳಲ್ಲಿ ಕೊಲ್ಲಿಯಿಂದ ತೇವ ಹೊತ್ತು ತರುವ ಮೂಡಗಾಳಿ ಬಲಗೊಳ್ಳುವ ಒಲವಿದೆ. ಮುಂಗಾರಿಗೆ ಮುನಿದ ಕಡಲು ಹಿಂಗಾರಿಗೆ ಒಲಿಯುವುದು ಹೀಗೆ. ಲಾ ನಿನಾ ವರುಷಗಳಲ್ಲಿ ಒಲವು ಇದಕ್ಕೆ ವಿರುದ್ಧ.

ಎರಡು ವರುಷಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿದರೆ ಇದು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ೨೦೧೫ರಲ್ಲಿ ಎಲ್ ನಿನೊ ಬಲವಾಗಿತ್ತು. ಮುಂಗಾರು ಸೋತು ಮರಾಠವಾಡವೂ ಉತ್ತರ ಕರ್ನಾಟಕವೂ ಬಾಯಾರಿದುವು. ಅದೇ ವರುಷದ ಹಿಂಗಾರಿನಲ್ಲಿ ತಮಿಳುನಾಡಿಗೆ ವಿಪರೀತ ಮಳೆ ಬಂದು ಡಿಸೆಂಬರಿನ ಮೊದಲ ದಿನಗಳಲ್ಲಿ ಚೆನ್ನೈ ಪಟ್ಟಣ ಮುಳುಗಿತು. ಮರುವರುಷ ೨೦೧೬ರಲ್ಲಿ ಪೆಸಿಫಿಕ್ ತಣ್ಣಗಾಯಿತು. ದೇಶದ ಮುಂಗಾರು ನೂರಕ್ಕೆ ೯೭ರಷ್ಟು ಆಗಿ, 'ಈ ಸಲ ಮಳೆ ವಾಡಿಕೆಯಷ್ಟು' ಎಂದು ಎಲ್ಲೆಡೆ ಸಮಾಧಾನವಾಯಿತು. ಆದರೆ ಆ ಹಿಂಗಾರಿನಲ್ಲಿ ತಮಿಳುನಾಡಿಗೆ ವಾಡಿಕೆಗಿಂತ ನೂರಕ್ಕೆ ೬೨ ಪಾಲು ಕಡಿಮೆ ಮಳೆಯಾಗಿ, ೨೦೧೭ರ ಜನವರಿಯಲ್ಲಿ ಇಡೀ ರಾಜ್ಯವನ್ನು ಬರಪೀಡಿತವೆಂದು ಸಾರಬೇಕಾಯಿತು. ದೇಶದ ಸರಾಸರಿಯನ್ನು ನಂಬಿ ನಿಶ್ಚಿಂತನಾದ ಹೊಸೂರಿನ ಒಕ್ಕಲಿಗನಿಗೆ ಆ ಸರಾಸರಿ ಏನು ಕೊಟ್ಟಿತು?

ಆದರೆ ಇದನ್ನೂ ಶಾಸನವೆಂದು ತಿಳಿಯಬೇಡಿ. ೨೦೨೧ರಲ್ಲಿ ಲಾ ನಿನಾ ಇದ್ದರೂ ತಮಿಳುನಾಡಿನಲ್ಲಿಯೂ ರಾಯಲಸೀಮೆಯಲ್ಲಿಯೂ ಹಿಂಗಾರು ಉಕ್ಕಿ ಹರಿಯಿತು. ಕೊಲ್ಲಿಯಲ್ಲಿ ಏಳುವ ಒಂದೆರಡು ವಾಯುಭಾರ ಕುಸಿತಗಳು ಇಡೀ ಕಾಲದ ಲೆಕ್ಕವನ್ನು ತಿರುವಿಹಾಕಬಲ್ಲುವು. ೨೦೦೯ನ್ನು ನಮ್ಮವರು ಮರೆತಿರಲಾರರು. ದೇಶಕ್ಕೆ ಬರ ಬಿದ್ದ ವರುಷವದು. ಮುಂಗಾರು ಮುಗಿಯುತ್ತಿದ್ದಂತೆ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಕೃಷ್ಣೆಗಳು ಉಕ್ಕಿ ಮಂತ್ರಾಲಯ, ಕರ್ನೂಲುಗಳು ನೀರಿನಲ್ಲಿ ನಿಂತುವು. ನವೆಂಬರಿನಲ್ಲಿ ನೀಲಗಿರಿಯ ಕೇತಿ, ಕೂನೂರುಗಳ ಸುತ್ತ ಗುಡ್ಡಗಳು ಜರಿದು ಜನ ಸತ್ತರು. 'ಬರದ ವರುಷ' ಎಂಬ ಒಂದೇ ಮಾತು ಈ ಮೂರು ಸಂಗತಿಗಳನ್ನು ಹೇಳಲಾರದು.

ಸೀಮೆಗೆ ತಕ್ಕ ಎಚ್ಚರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಎರೆಭೂಮಿಯ ಜೀವಾಳ ಹಿಂಗಾರಿ ಬಿಳಿಜೋಳ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ಜೋಳ ಇಂದಿಗೂ ನಮ್ಮ ರೊಟ್ಟಿಯ ಜೋಳ. ಅದು ನಂಬಿರುವುದು ಉತ್ತರೆ, ಹಸ್ತೆಗಳು ಎರೆಯಲ್ಲಿ ಇಂಗಿಸಿಟ್ಟ ಹಸಿಯನ್ನು. ಈ ಸೀಮೆಗೆ ಈಶಾನ್ಯ ಮಳೆಯ ಲಾಭ ಅಷ್ಟಾಗಿ ಇಲ್ಲ. ಆದುದರಿಂದ ಕಡಲಿನ ಸುದ್ದಿ ಕೆಟ್ಟದಾಗಿದ್ದರೆ ಇವರು ನಿಜವಾಗಿಯೂ ಎಚ್ಚರಗೊಳ್ಳಬೇಕು. ಮುಂಗಾರಿನಲ್ಲಿ ಬಿದ್ದ ಪ್ರತಿ ಹನಿಯನ್ನೂ ಬದು, ಹರಗಾಟಗಳಿಂದ ಹೊಲದಲ್ಲಿಯೇ ಹಿಡಿಯಬೇಕು. ಮೊದಲ ಒಂದೆರಡು ಹದಕ್ಕೆ ಮರುಳಾಗಿ ಮುಂಗಾರಿ ಬೀಜ ಚೆಲ್ಲದೆ, ಒಟ್ಟು ೭೫ರಿಂದ ೧೦೦ ಮಿ.ಮೀ. ಮಳೆಯಾಗಿ ನೆಲ ಚೆನ್ನಾಗಿ ನೆನೆದ ಮೇಲೆಯೇ ಬಿತ್ತಬೇಕು. ಬಾವಿಯ ನೀರನ್ನು ಕಬ್ಬಿಗೆ ಒತ್ತೆಯಿಡುವ ಮೊದಲು ಎರಡು ಸಲ ಯೋಚಿಸಬೇಕು.

ರಾಯದುರ್ಗ, ಮಡಕಶಿರಾದ ಮಸಾರಿ ಭೂಮಿಯಲ್ಲಿ ಶೇಂಗಾವೇ ದೊಡ್ಡ ಬೆಳೆ. ಅದಕ್ಕೆ ಬಿತ್ತನೆಯ ಮಳೆಗಿಂತ ಹೂವು ಕಾಯಿಯಾಗಿ ನೆಲಕ್ಕಿಳಿಯುವ ಹೊತ್ತಿನ ಮಳೆ ಮುಖ್ಯ. ಆಗಸ್ಟ್ ಒಣಗಿದರೆ ಬಳ್ಳಿ ಹಸಿರಾಗಿದ್ದರೂ ಬುಡದಲ್ಲಿ ಕಾಯಿ ಇರದು. ಇಲ್ಲಿಯವರು ಎಲ್ ನಿನೊ ವರುಷದಲ್ಲಿ ಇಡೀ ಹೊಲವನ್ನು ಶೇಂಗಾಕ್ಕೇ ಕೊಡದೆ ತೊಗರಿ, ನವಣೆ, ಸಜ್ಜೆಗಳಿಗೂ ಪಾಲು ಕೊಡುವುದು ವಿವೇಕ. ಹುರುಳಿಯ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡಿದ್ದರೆ ತಡವಾಗಿ ಬಂದ ಮಳೆಯೂ ವ್ಯರ್ಥವಾಗದು. ಏಕೆಂದರೆ ಹಿಂಗಾರಿನ ಆಸೆ ಈ ಸೀಮೆಗೆ ಉಂಟು.

ಹೊಸೂರು, ತಾಳವಾಡಿಗಳವರಿಗೆ ಎರಡು ಮಳೆಯ ನೆರವಿದೆ. ಮುಂಗಾರು ಸೋತಿತೆಂದು ಕೈಚೆಲ್ಲದೆ ಹಿಂಗಾರಿನ ನೀರನ್ನು ಹಿಡಿಯಲು ಕೆರೆಯ ಕಾಲುವೆ, ಹೊಂಡಗಳನ್ನು ಸೆಪ್ಟೆಂಬರಿನೊಳಗೆ ಸರಿಮಾಡಿಕೊಳ್ಳಬೇಕು. ನೀಲಗಿರಿಯವರು ಎಲ್ ನಿನೊ ಎಂದರೆ ಒಣಗು ಎಂದಷ್ಟೇ ತಿಳಿಯದೆ, ಅಕ್ಟೋಬರ್ ನವೆಂಬರುಗಳಲ್ಲಿ ಕಡಿದಾದ ಇಳಿಜಾರಿನ ಹೊಲಮನೆಗಳ ಮೇಲೆ ಕಣ್ಣಿಡಬೇಕು.

ಕಾಸರಗೋಡಿಗೆ ವರುಷಕ್ಕೆ ಸುಮಾರು ೩,೫೦೦ ಮಿ.ಮೀ. ಮಳೆ. ಸೊಲ್ಲಾಪುರದ ಆರು ವರುಷದ ಮಳೆ ಅಲ್ಲಿ ಒಂದೇ ವ ರುಷದಲ್ಲಿ ಬೀಳುತ್ತದೆ. ಇಷ್ಟಿದ್ದೂ ಎಲ್ ನಿನೊವಿನ ಬಿಸಿ ಅಡಿಕೆ ತೆಂಗಿನ ತೋಟಗಳಿಗೆ ತಟ್ಟುವುದು ಮಳೆಗಾಲದಲ್ಲಿ ಅಲ್ಲ, ಮುಂದಿನ ಬೇಸಿಗೆಯಲ್ಲಿ. ೨೦೧೬ ಮತ್ತು ೨೦೨೪ರ ಬೇಸಿಗೆಗಳು ಹಿಂದಿನ ವರುಷದ ಎಲ್ ನಿನೊವಿನ ಬೆನ್ನಲ್ಲಿ ಬಂದು ಕೇರಳವನ್ನು ಹುರಿದುವು. ಮಳೆ ಕಡಿಮೆಯಾದ ವರುಷ ತೊರೆಗಳಿಗೆ ಹಾಕುವ ಕಟ್ಟಗಳನ್ನು ತಡಮಾಡದೆ ಹಾಕುವುದು, ಮದಕಗಳ ಹೂಳೆತ್ತುವುದು, ಸುರಂಗದ ನೀರನ್ನು ಜೋಪಾನ ಮಾಡುವುದು ಅಲ್ಲಿಯ ಹಿರಿಯರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಯಾವ ವರುಷ ಅದನ್ನು ಬೇಗ ಮಾಡಬೇಕೆಂಬುದನ್ನು ಕಡಲು ಹೇಳುತ್ತದೆ.

ನಕ್ಷತ್ರದ ಲೆಕ್ಕವೂ ಕಡಲಿನ ಲೆಕ್ಕವೂ

ರೋಹಿಣಿ, ಮೃಗಶಿರೆ, ಆರಿದ್ರೆ ಎಂದು ಮಳೆಯನ್ನು ಎಣಿಸುವ ನಮ್ಮ ಪದ್ಧತಿಯನ್ನು ಇದು ಹುಸಿಮಾಡುತ್ತದೆಯೇ ಎಂದು ಕೆಲವರು ಕೇಳಬಹುದು. ಇಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನವಿರುತ್ತಾನೆ. ಆ ಎಣಿಕೆ ನಮಗೆ ಕಾಲವನ್ನು ಹೇಳುತ್ತದೆ. ಯಾವ ಮಳೆಗೆ ಏನು ಬಿತ್ತಬೇಕೆಂಬ ನೂರಾರು ವರುಷಗಳ ಅನುಭವ ಅದರಲ್ಲಿ ಅಡಗಿದೆ. ಆದರೆ ಬಂದರೆ ಮಘೆ ಇಲ್ಲದಿದ್ದರೆ ಹೊಗೆ ಎಂದು ಗಾದೆ ಕಟ್ಟಿದವರಿಗೂ ಈ ವರುಷದ ಮಘೆ ಬಂದೀತೋ ಬಾರದೋ ಎಂಬುದು ನಕ್ಷತ್ರದಿಂದ ತಿಳಿಯುತ್ತಿರಲಿಲ್ಲ. ಪಂಚಾಂಗ ಕಾಲವನ್ನು ಹೇಳಲಿ, ಕಡಲು ಬಲಾಬಲವನ್ನು ಹೇಳಲಿ. ಎರಡನ್ನೂ ಕೂಡಿಸಿ ನೋಡುವವನೇ ಜಾಣ ಒಕ್ಕಲಿಗ.

ಆದರೆ ಕಡಲಿನ ಸುದ್ದಿಯನ್ನು ಕೇಳುವುದಕ್ಕೂ ಹದ ಬೇಕು. ಮಾರ್ಚ್ ಏಪ್ರಿಲುಗಳಲ್ಲಿ ಪೆಸಿಫಿಕ್ ಸಾಗರ ಮಗ್ಗುಲು ಬದಲಿಸುವ ಹೊತ್ತು. ಆಗ ಹೇಳಿದ ಭವಿಷ್ಯ ತಪ್ಪುವ ಸಂಭವ ಹೆಚ್ಚೆಂದು ವಿಜ್ಞಾನಿಗಳೇ ಒಪ್ಪುತ್ತಾರೆ. ಹವಾಮಾನ ಇಲಾಖೆ ಏಪ್ರಿಲಿನಲ್ಲಿ ಮೊದಲ ಮುನ್ಸೂಚನೆಯನ್ನೂ ಮೇ ಕೊನೆಗೆ ತಿದ್ದಿದ ಮುನ್ಸೂಚನೆಯನ್ನೂ ಕೊಡುತ್ತದೆ. ತರುವಾಯ ತಿಂಗಳು ತಿಂಗಳೂ ಹೇಳುತ್ತದೆ. ಏಪ್ರಿಲಿನ ಮಾತು ಹೀಚುಕಾಯಿ, ಮೇ ಕೊನೆಯ ಮಾತು ಬಲಿತಕಾಯಿ. ಬೀಜ ಸಾಲಗಳ ನಿರ್ಧಾರವನ್ನು ಹೀಚುಕಾಯಿ ನೋಡಿ ಮಾಡಬೇಡಿ. ಹಿಂಗಾರನ್ನು ನಂಬಿದವರು ಸೆಪ್ಟೆಂಬರ್ ಕೊನೆಯ ಮುನ್ಸೂಚನೆಯನ್ನು ಇನ್ನೊಮ್ಮೆ ಕೇಳಬೇಕು.

ಆಗಬೇಕಾದ ಕೆಲಸಗಳು

ರೈತನಿಗೆ ಬುದ್ಧಿ ಹೇಳಿದಷ್ಟಕ್ಕೆ ನಮ್ಮ ಕೆಲಸ ಮುಗಿಯಲಿಲ್ಲ. ಸರಕಾರಗಳ ಕಡೆಯಿಂದಲೂ ಕೆಲವು ಕೆಲಸ ಆಗಬೇಕು.

ಮೊದಲನೆಯದು, ತಿಳಿಯುವ ಮಾತಿನಲ್ಲಿ ಮುನ್ಸೂಚನೆ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲೆಗೊಂದರಂತೆ ಕೃಷಿ ಹವಾಮಾನ ಪ್ರಕಟಣೆ ಹೊರಡುತ್ತದೆ. ಅದು ಬರುವುದು ಇಂಗ್ಲಿಷಿನಲ್ಲಿ ಮತ್ತು ಆಯಾ ರಾಜ್ಯದ ಭಾಷೆಯಲ್ಲಿ. ನಮ್ಮವರು ಕೇಳುವ ಕನ್ನಡ ಬಾನುಲಿ ಕರ್ನಾಟಕದ ಜಿಲ್ಲೆಗಳ ಮಳೆಯನ್ನು ಹೇಳುತ್ತದೆ. ಹೀಗಾಗಿ ತಿಳಿಯುವ ಸುದ್ದಿ ನಮ್ಮ ಊರಿನದಲ್ಲ, ನಮ್ಮ ಊರಿನ ಸುದ್ದಿ ಪೂರ್ತಿ ತಿಳಿಯುವುದಿಲ್ಲ. ಇದು ಭಾಷೆಯ ಹಟದ ಮಾತಲ್ಲ. ಮನೆಯ ಹಿರಿಯ ಹೆಂಗಸು ಬೀಜ ತೆಗೆಯುವಾಗ ಓದಿಸಿ ಕೇಳಿ ತಿಳಿಯಬೇಕಾದ ಮಾತು ಆಕೆಯ ಮಾತಿನಲ್ಲಿಯೇ ಇರಬೇಕು. ಕನ್ನಡಿಗರು ಹೆಚ್ಚಾಗಿರುವ ತಾಲೂಕುಗಳಲ್ಲಿ ವರುಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ಸೆಪ್ಟೆಂಬರ್ ಕೊನೆಗೆ, ಒಂದು ಹಾಳೆಯ ಕನ್ನಡ ಪ್ರಕಟಣೆ ಪಂಚಾಯಿತಿ, ಸಹಕಾರಿ ಸಂಘ, ಶಾಲೆಗಳ ಗೋಡೆಗೆ ಹತ್ತಲಿ. ಖರ್ಚು ಅಲ್ಪ.

ಎರಡನೆಯದು, ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆಯವರು ಮಳೆ ತಡವಾದರೆ ಏನು, ನಡುವೆ ನಿಂತರೆ ಏನು ಎಂದು ಜಿಲ್ಲೆ ಜಿಲ್ಲೆಗೂ ಪರ್ಯಾಯ ಬೆಳೆಯ ಯೋಜನೆ ಬರೆದಿಟ್ಟಿದ್ದಾರೆ. ಒಳ್ಳೆಯ ಕೆಲಸ. ಅದು ಕಡತದಿಂದ ಹೊಲಕ್ಕೆ ಇಳಿಯಬೇಕಾದರೆ, ಯೋಜನೆಯಲ್ಲಿ ಹೆಸರಿಸಿದ ಹುರುಳಿ, ನವಣೆ, ಸಜ್ಜೆಯ ಬೀಜ ಜುಲೈ ಕೊನೆಗೆ ಸಂಘದ ಉಗ್ರಾಣದಲ್ಲಿ ಇರಬೇಕು. ಬೀಜವಿಲ್ಲದ ಸಲಹೆ ನೀರಿಲ್ಲದ ಕೊಡ.

ಮೂರನೆಯದು, ಬೆಳೆವಿಮೆ. ಮುಂಗಾರಿ ಬೆಳೆಗೆ ವಿಮೆ ಮಾಡಿಸುವ ಕಡೆಯ ದಿನ ಸಾಮಾನ್ಯವಾಗಿ ಜುಲೈ ಕೊನೆಗೆ ಬೀಳುತ್ತದೆ. ಎಲ್ ನಿನೊವಿನ ಪೆಟ್ಟು ೨೦೨೩ರಲ್ಲಿ ಆದಂತೆ ಆಗಸ್ಟಿನಲ್ಲಿ ಬೀಳಬಹುದು. ಜುಲೈ ಚೆನ್ನಾಗಿತ್ತೆಂದು ಬಿಟ್ಟವನು ಆಗಸ್ಟಿನಲ್ಲಿ ಅಳುತ್ತಾನೆ. ಕಡಲು ಕಾದಿದೆಯೆಂಬ ಸುದ್ದಿ ಬಲಿತ ವರುಷ ವಿಮೆಯನ್ನು ತಪ್ಪಿಸಬಾರದು. ಅಂಥ ವರುಷ ಅಧಿಕಾರಿಗಳೂ ಊರೂರಿಗೆ ಬಂದು ನೆನಪಿಸಬೇಕು.

ನಾಲ್ಕನೆಯದು ನಮ್ಮ ಕೈಯಲ್ಲಿಯೇ ಇರುವ ಕೆಲಸ. ಊರಿನ ಶಾಲೆಯಲ್ಲಿ ಒಂದು ಮಳೆಮಾಪಕವಿರಲಿ. ದಿನವೂ ಬೆಳಗ್ಗೆ ಎಂಟೂವರೆಗೆ ಅಳೆದು ಹಲಗೆಯ ಮೇಲೆ ಬರೆಯಲಿ. ಒಂದು ಮಿ.ಮೀ. ಮಳೆ ಎಕರೆಗೆ ಸುಮಾರು ೪,೦೪೭ ಲೀಟರು ನೀರು ಕೊಡುತ್ತದೆಂದು ಮಕ್ಕಳು ಲೆಕ್ಕ ಹಾಕಿ ಮನೆಯಲ್ಲಿ ಹೇಳಲಿ. ಹತ್ತು ಹದಿನೈದು ವರುಷ ಇದನ್ನು ಬಿಡದೆ ಬರೆದಿಟ್ಟರೆ, ಯಾವ ಎಲ್ ನಿನೊ ವರುಷದಲ್ಲಿ ನಮ್ಮ ಊರಿಗೆ ಎಷ್ಟು ಮಳೆಯಾಯಿತೆಂಬುದನ್ನು ದಿಲ್ಲಿಯವರನ್ನು ಕೇಳಬೇಕಾಗದು. ತಾಲೂಕಿನ ಮಾಪಕ ಹತ್ತು ಮೈಲಿ ದೂರವಿದ್ದು ಅಲ್ಲಿ ಮಳೆಯಾಗಿ ಇಲ್ಲಿ ಆಗದಿದ್ದಾಗ ಬರ ಪರಿಹಾರದ ಅರ್ಜಿಯ ಜೊತೆಗಿಡಲು ಊರಿನದೊಂದು ಲೆಕ್ಕವೂ ಇದ್ದೀತು.

ಕಡಲಿನ ಬಿಸಿಯನ್ನು ನಾವು ಏರಿಸಲಾರೆವು, ಇಳಿಸಲಾರೆವು. ಅದರ ಸುದ್ದಿ ಕೇಳಿ ಎತ್ತು ಮಾರುವುದೂ ಬೇಡ, ಕಿವಿ ಮುಚ್ಚಿಕೊಳ್ಳುವುದೂ ಬೇಡ. ಮುಂದಿನ ಸಲ ಪತ್ರಿಕೆಯಲ್ಲಿ ಎಲ್ ನಿನೊ ಎಂಬ ಮಾತು ಕಂಡಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ಏಪ್ರಿಲಿನ ಮಾತೋ ಮೇ ಕೊನೆಯ ಮಾತೋ? ಹಿಂದೂ ಮಹಾಸಾಗರ ಏನು ಹೇಳುತ್ತಿದೆ? ನನ್ನ ಬೆಳೆ ನಂಬಿರುವ ಮಳೆ ಯಾವುದು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬೀಜದ ಗಡಿಗೆಯ ಬಾಯಿ ತೆಗೆಯಿರಿ.